ಸೊಲಾರಾ ದ್ವೀಪದ ಒಂಬತ್ತನೆಯ ಕಟ್ಟು

ಶನಿವಾರ ಬೆಳಿಗ್ಗೆ ಏಳೂವರೆಗೆ ನನ್ನ ಮಗಳು ಹುಸ್ನಾಳ ಫೋನ್ ಬಂದಾಗ ನಾನು ಗಂಗಕ್ಕನ ಮನೆಯ ಶೆಡ್ಡಿನಲ್ಲಿ ನನ್ನ ಓಮ್ನಿಯ ಟೈರು ಬದಲಿಸುತ್ತಿದ್ದೆ.

"ಅಬ್ಬಾ, ಮಾದೇವ ಚಾಚಾ ಕುರ್ಚೀಲಿ ಕೂತೇ ಇದಾರೆ. ಕಣ್ಣು ತೆರದೇ ಇದೆ. ಮೈ ಮುಟ್ಟಿದ್ರೆ ತಣ್ಣಗೆ..." ನನ್ನ ಕೈಯಲ್ಲಿದ್ದ ಪಾನಾ ಜಾರಿ ಪಾದದ ಮೇಲೆ ಬಿತ್ತು. ಅದರ ನೋವು ನನಗೆ ಗೊತ್ತಾದದ್ದು ಮಧ್ಯಾಹ್ನದ ಮೇಲೆ.

ಒಳಗೆ ದೋಸೆ ಹುಯ್ಯುತ್ತಿದ್ದ ಗಂಗಕ್ಕ ನನ್ನ ಮುಖ ನೋಡಿದ್ದೇ ಒಲೆ ಆರಿಸಿ ಕೊಡೆ ಹಿಡಿದು ಬಂದರು. ಗಂಗಕ್ಕ ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ನೋಡಿ ನಿವೃತ್ತರಾದವರು. ಪೊಲೀಸರಿಗೆ ಬುದ್ಧಿ ಹೇಳುವ ಯಾವ ಅಧಿಕಾರವೂ ಅವರಿಗಿಲ್ಲ. ಆದರೂ ಸಿದ್ದಾಪುರದ ಎರಡು ಮದುವೆಯ ವರನಿಂದ ಹಿಡಿದು ಯಲ್ಲಾಪುರ ಬಸ್ ಸ್ಟ್ಯಾಂಡಿನ ಸೂಟ್‌ಕೇಸಿನವರೆಗೆ ಆರು ಪ್ರಕರಣಗಳ ಗಂಟು ಬಿಚ್ಚಿದವರು ಅವರೇ. ಆರಕ್ಕೂ ಗಾಡಿ ಓಡಿಸಿದವನು ನಾನು, ಖಾಜಾ ಹುಸೇನ್. ಏಳನೆಯದು ನನ್ನ ಮನೆಯ ಬಾಗಿಲಿಗೇ ಬರುತ್ತದೆ ಎಂದು ಯಾರು ಕಂಡಿದ್ದರು!

ಮಾದೇವಣ್ಣನ ಕತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತನಾಲ್ಕು ವರ್ಷದ ಹಿಂದೆ ನಮ್ಮ ಕಡೆಯ ಮೂವರು ಒಂದೇ ಸರಕು ಹಡಗಿಗೆ ಹೋದರು. ಹೆಗಡೆಕಟ್ಟಾದ ಗೋವಿಂದ ಹೆಗಡೆ ಸ್ಟೋರ್ ಕೀಪರ್ ಆಗಿ, ಹುಲಗೋಳದ ಮಾದೇವ ಅಡುಗೆಗೆ, ನನ್ನ ಅಣ್ಣ ಅಜರ್ ಡೆಕ್ಕಿನ ಕೆಲಸಕ್ಕೆ. ವರ್ಷ ಕಳೆಯುವುದರೊಳಗೆ ಗೋವಿಂದ ಒಬ್ಬರೇ ತಿರುಗಿ ಬಂದರು. ಅಜರ್ ಕುಡಿದು ಸಮುದ್ರಕ್ಕೆ ಬಿದ್ದ ಎಂಬ ಸುದ್ದಿ ತಂದರು. ಐದು ಹೊತ್ತಿನ ನಮಾಜು ತಪ್ಪಿಸದ ನಮ್ಮ ಅಮ್ಮಿ ಅಂದಿನಿಂದ ಮಗನ ಹೆಸರು ಹೇಳುವುದನ್ನೇ ಬಿಟ್ಟಳು. ಹಾಗೆಯೇ ಕಣ್ಣು ಮುಚ್ಚಿದಳು. ಗೋವಿಂದ ಆಮೇಲೆ ಮಾಸ್ತರಿಕೆ ಹಿಡಿದು, ಸಿರ್ಸಿಯಲ್ಲಿ ವಾಚನಾಲಯ ಕಟ್ಟಿ, ಊರಿಗೆಲ್ಲ ಗೋವಿಂದ ಮಾಸ್ತರಾದರು. ಹುಸ್ನಾ ಡಿಗ್ರಿ ಮುಗಿಸುವವರೆಗೆ ಅವಳ ಫೀಸು ಕಟ್ಟಿದವರು ಅವರೇ. ನನ್ನ ಪಾಲಿಗೆ ಅವರು ದೇವರಂಥ ಮನುಷ್ಯ ಎಂದು ಹತ್ತು ಜನರ ಮುಂದೆ ಹೇಳಿದ್ದೇನೆ.

ಮಾದೇವಣ್ಣ ಮಾತ್ರ ಅತ್ತಲೇ ಉಳಿದ. ಮೆಡಿಟರೇನಿಯನ್ ಸಮುದ್ರದ ನಡುವೆ ಸೊಲಾರಾ ಎಂಬ ಖಾಸಗಿ ದ್ವೀಪ. ಒಬ್ಬ ಮುದುಕಿ ಅದರ ಒಡತಿ, ಇವನು ಕಾವಲುಗಾರ. ಬೇರೆ ಮನುಷ್ಯರಿಲ್ಲ. ಆಕೆ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಒಂದು ಟ್ರಂಕು ಹೊತ್ತು ಸಿರ್ಸಿಗೆ ಬಂದ. ಹುಬ್ಬಳ್ಳಿಯಿಂದ ಕರೆತಂದವನು ನಾನೇ. ದಾರಿಯಲ್ಲಿ ನಾನು ಅಜರನ ಕುಡಿತದ ಮಾತು ತೆಗೆದಾಗ ಅವನು ಗಕ್ಕನೆ ತಿರುಗಿ, "ಯಾರು ಹೇಳಿದ್ದು ಇದನ್ನ?" ಎಂದು ಕೇಳಿದ. "ಊರೇ ಹೇಳ್ತದಲ್ಲ ಮಾರಾಯಾ," ಎಂದೆ. ಆಮೇಲೆ ಮನೆ ಮುಟ್ಟುವವರೆಗೆ ತುಟಿ ಬಿಚ್ಚಲಿಲ್ಲ. ಪ್ರಯಾಣದ ಸುಸ್ತು ಎಂದುಕೊಂಡೆ.

ಟ್ರಂಕಿನಲ್ಲಿದ್ದದ್ದು ಆ ದ್ವೀಪದ ಚರಿತ್ರೆ. ಬಿಡಿ ಹಾಳೆಗಳನ್ನು ರಟ್ಟಿನ ನಡುವೆ ಇಟ್ಟು ದಾರ ಸುತ್ತಿದ ಎಂಟು ಕಟ್ಟುಗಳು. ಹುಸ್ನಾ ಅವನ್ನೆಲ್ಲ ಟೈಪ್ ಮಾಡಿದಳು. ಊಟಕ್ಕೆ ಕೂತಾಗ ನಮಗೂ ಬಡಿಸುತ್ತಿದ್ದಳು. ರೋಮಿನವರು ಬಂಡೆ ಕೊರೆದು ಮೀನು ಸಾಕಿದ ಕೊಳ, ಸನ್ಯಾಸಿಗಳ ಏಳು ಗುಹೆ, ಅವರು ತಂದು ಬಿಟ್ಟ ಮೊಲ, ಕುರುಬರ ಆಡುಗಳು ತಿಂದು ಮುಗಿಸಿದ ಓಕ್ ಕಾಡು, ಬಂಡೆಯ ಬಣ್ಣಕ್ಕೇ ತಿರುಗಿದ ಕರಿ ಹಲ್ಲಿ. ದಣಿದು ಸಮುದ್ರ ದಾಟುವ ಸಣ್ಣ ಹಕ್ಕಿಗಳನ್ನು ಹಿಡಿದು ಮರಿಗೆ ತಿನ್ನಿಸುವುದಕ್ಕೆಂದೇ ಆಗಸ್ಟಿನಲ್ಲಿ ಮರಿ ಮಾಡುವ ಡೇಗೆ ಎಂಬ ಗಿಡುಗ. ಹೊಳೆ, ಬಾವಿ ಇಲ್ಲದ ಊರಂತೆ. ತಾರಸಿಯ ನೀರು ನೆಲಮಾಳಿಗೆಯ ತೊಟ್ಟಿಗೆ. ಮೇ ಮುಗಿದದ್ದೇ ಒಡತಿ ತೊಟ್ಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು, ತಲೆಗೆ ದಿನಕ್ಕೆ ಎರಡೇ ಕೊಡ. "ನಮ್ಮ ಮುನ್ಸಿಪಾಲ್ಟಿಗಿಂತ ಮೇಲು ಬಿಡು," ಎಂದು ನಾನು ನಕ್ಕಿದ್ದೆ.

ಒಂಬತ್ತನೆಯ ಕಟ್ಟನ್ನು ಮಾದೇವಣ್ಣ ಸಿರ್ಸಿಗೆ ಬಂದ ಮೇಲೆ ಬರೆದದ್ದು. ಅದನ್ನು ಹುಸ್ನಾಳಿಗೂ ಕೊಡಲಿಲ್ಲ. "ಭಾನುವಾರ ವಾಚನಾಲಯದಲ್ಲಿ ನಾನೇ ಓದ್ತೆ. ನಿನ್ನ ಅಪ್ಪನ್ನ ತಪ್ಪದೆ ಕರ್ಕಂಡು ಬಾ," ಎಂದಿದ್ದನಂತೆ. ಆ ಭಾನುವಾರಕ್ಕೆ ಒಂದು ದಿನ ಮೊದಲು ಅವನು ಹೆಣವಾಗಿ ಕೂತಿದ್ದ.

ನಾವು ಯಲ್ಲಾಪುರ ರಸ್ತೆಯ ಅವನ ಮನೆ ಮುಟ್ಟುವಾಗ ಸಬ್ ಇನ್‌ಸ್ಪೆಕ್ಟರ್ ದೀಕ್ಷಿತಾ ಆಗಲೇ ಬಂದಿದ್ದರು. ಮೇಜಿನ ಮೇಲೆ ಕಷಾಯದ ಖಾಲಿ ಲೋಟ. ದ್ವೀಪದಿಂದ ವರ್ಷಕ್ಕೊಮ್ಮೆ ಪಾರ್ಸೆಲಿನಲ್ಲಿ ಬರುತ್ತಿದ್ದ ಒಂದು ಪರಿಮಳದ ಎಲೆಯನ್ನು ಕುದಿಸಿ ಸಂಜೆ ಕುಡಿಯುವುದು ಅವನ ರೂಢಿ. ಹುಸ್ನಾ ಟೈಪಿಂಗ್ ಮುಗಿಸಿ ಹೊರಡುವ ಮುಂಚೆ ಅದನ್ನು ಮಾಡಿಕೊಡುತ್ತಿದ್ದಳು. ಶುಕ್ರವಾರವೂ ಮಾಡಿಕೊಟ್ಟಿದ್ದಳು.

ಗಂಗಕ್ಕ ಎಲೆಯ ಡಬ್ಬಿಯನ್ನು ಮೂಸಿ ನೋಡಿ, ಪೇಪರಿನ ಮೇಲೆ ಸುರಿದು, ಕೈ ಮುಟ್ಟಿಸದೆ ಕಡ್ಡಿಯಲ್ಲಿ ಎರಡು ಗುಂಪು ಮಾಡಿದರು. ಒಂದರ ಅಂಚು ಅಲೆಯಲೆ, ಒಳ್ಳೆಯ ಪರಿಮಳ. ಇನ್ನೊಂದು ಕಿರಿದು, ಉದ್ದ. ಅದಕ್ಕೆ ಬರೀ ಹೊಗೆಯ ವಾಸನೆ.

"ಇದು ಕಣಗಿಲೆ. ಹೃದಯ ನಿಲ್ಲಿಸೋ ವಿಷ," ಎಂದರು ಗಂಗಕ್ಕ. "ಹುಸ್ನಾ, ನಿಮ್ಮನೇಲಿ ಸೌದೆ ಒಲೆ ಇದ್ಯಾ?"

"ಇಲ್ಲ ದೊಡ್ಡಮ್ಮ. ಗ್ಯಾಸು, ಗೀಸರು ಅಷ್ಟೇ."

ಅಷ್ಟರಲ್ಲಿ ಮಾದೇವಣ್ಣನ ಅಕ್ಕನ ಮಗ ಸಂದೇಶ ಎದ್ದು ನಿಂತ. ಮೊಬೈಲ್ ಅಂಗಡಿಯವನು, ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ವಾಸ. ಮೈಮೇಲೆ ಬಂದವನ ಹಾಗೆ ಕೂಗಿದ. "ಕಷಾಯ ಮಾಡಿದ್ದು ಇವಳೇ. ಪುಸ್ತಕದ ಹಕ್ಕೆಲ್ಲ ಇವಳ ಹೆಸರಿಗೇ ಬರೆದಿಟ್ಟಿದಾನೆ ಮಾವ. ಮತ್ತೆಂತ ಬೇಕು ನಿಮ್ಗೆ?"

ನಾನು ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಸುಳ್ಳೇಕೆ ಹೇಳಲಿ, ಗಂಗಕ್ಕ ಹಿಡಿದೆಳೆಯದಿದ್ದರೆ ಅಂದು ಎರಡನೆಯ ಹೆಣವೂ ಬೀಳುತ್ತಿತ್ತು.

ಗಂಗಕ್ಕ ಶಾಂತವಾಗಿ ಅವನನ್ನೇ ಕೇಳಿದರು. "ಈ ವಾರ ಇಲ್ಲಿಗೆ ಯಾರ್ಯಾರು ಬಂದಿದ್ರು ಸಂದೇಶ?"

"ಇವಳು ದಿನಾ. ನಾನು ಶುಕ್ರವಾರ ಮಧ್ಯಾಹ್ನ, ಈ ಮನೆ ವಿಷಯ ಮಾತಾಡೂಕೆ. ಜಗಳವೂ ಆಯ್ತು, ಮುಚ್ಚಿಡೂದಿಲ್ಲ. ಗೋವಿಂದ ಮಾಸ್ತರು ಬುಧವಾರ ಬಂದಿದ್ರು, ಶುಕ್ರವಾರ ನಾ ಹೊರಡೂವಾಗ್ಲೂ ಬಂದ್ರು. ಅವ್ರು ಬಂದು ಹೋಗೂದು ಹೊಸದಾ? ಪುಸ್ತಕಕ್ಕೆ ಮುನ್ನುಡಿ ಬರೆದೋರು."

ಒಂಬತ್ತನೆಯ ಕಟ್ಟು ಕಪಾಟಿನಲ್ಲೇ ಇತ್ತು. ದೀಕ್ಷಿತಾ ಅದನ್ನು ಠಾಣೆಗೆ ಒಯ್ದರು. ಹುಸ್ನಾಳ ಫೋನನ್ನೂ ತೆಗೆದುಕೊಂಡರು. ಹೊರಗೆ ಬಂದು ತಗ್ಗಿದ ದನಿಯಲ್ಲಿ, "ಗಂಗಾ ಮೇಡಂ, ಸೋಮವಾರ ಬೆಳಿಗ್ಗೆ ನಾನು ಈ ಹುಡುಗೀನ ಅರೆಸ್ಟ್ ಮಾಡ್ಲೇಬೇಕು. ಅಷ್ಟರೊಳಗೆ ನಿಮ್ಗೆ ಏನಾದ್ರೂ ಕಂಡ್ರೆ ಹೇಳಿ," ಎಂದರು. ಇಪ್ಪತ್ತೆರಡು ವರ್ಷದ ನನ್ನ ಮಗಳು ಜೈಲಿಗೆ!

ಗಂಗಕ್ಕ ಠಾಣೆಯಲ್ಲಿ ಆ ಕಟ್ಟನ್ನು ಹತ್ತೇ ನಿಮಿಷ ನೋಡಿದರು. ಆಮೇಲೆ ಮನೆಗೆ ಬಂದು ಹುಸ್ನಾ ಟೈಪ್ ಮಾಡಿದ ಎಂಟೂ ಕಟ್ಟುಗಳನ್ನು ಓದಲು ಕೂತರು. ನಡುವೆ ಒಮ್ಮೆ ಮಾತ್ರ ತಲೆಯೆತ್ತಿ, ಆ ದ್ವೀಪದ ಈಗಿನ ಕಾವಲುಗಾರರ ಇಮೇಲ್ ವಿಳಾಸ ಇದೆಯೇ ಎಂದು ಹುಸ್ನಾಳನ್ನು ಕೇಳಿದರು. ಇತ್ತು. ಎಲೆಯ ಪಾರ್ಸೆಲ್ಲಿಗಾಗಿ ಅವಳೇ ಬರೆಯುತ್ತಿದ್ದಳು. ಗಂಗಕ್ಕನ ಲ್ಯಾಪ್‌ಟಾಪಿನಿಂದ ಒಂದು ಪತ್ರ ಹೋಯಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಜೆ ಹೆಗಡೆಕಟ್ಟಾಕ್ಕೆ ಗಾಡಿ ಬಿಟ್ಟೆ. ಗೋವಿಂದ ಮಾಸ್ತರು ಬಚ್ಚಲ ಒಲೆಗೆ ಸೌದೆ ನೂಕುತ್ತಿದ್ದರು. ನಾನು ಅವರ ಕಾಲ ಬಳಿ ಕುಸಿದು ಅತ್ತುಬಿಟ್ಟೆ.

"ಹೆದರಬೇಡ ಖಾಜಾ," ಎಂದರು ಮಾಸ್ತರು. ಅವರ ಕಣ್ಣಲ್ಲೂ ನೀರಿತ್ತು. "ಹುಸ್ನಾಗೆ ಒಳ್ಳೇ ವಕೀಲರನ್ನ ಇಡುವ. ಖರ್ಚೆಲ್ಲ ನಂದು. ನಾಳೆ ವಾಚನಾಲಯದ ಸಭೆ ನಿಲ್ಲಿಸೂದು ಬೇಡ, ಸಂತಾಪ ಸಭೆ ಮಾಡುವ."

ಭಾನುವಾರ ಹನ್ನೊಂದಕ್ಕೆ ದ್ವೀಪದಿಂದ ಉತ್ತರ ಬಂತು. ಜೊತೆಗೆ ಎರಡು ಫೋಟೋ. ಗಂಗಕ್ಕ ಅವನ್ನು ನೋಡಿದವರು ನನ್ನ ಮುಖ ನೋಡಲಿಲ್ಲ. "ಖಾಜಾ, ಇವತ್ತು ಸಭೇಲಿ ಎಂತಾದ್ರೂ ನೀ ಕುರ್ಚಿ ಬಿಟ್ಟು ಏಳಲಾಗ. ಮಾತು ಕೊಡು," ಎಂದರು. ಕೊಟ್ಟೆ.

ನಾಲ್ಕು ಗಂಟೆಗೆ ವಾಚನಾಲಯದಲ್ಲಿ ನಲವತ್ತು ಜನ ಸೇರಿದ್ದರು. ಹೊರಗೆ ವಾರದಿಂದ ಹಿಡಿದ ಮಳೆ. ಬಾಗಿಲಲ್ಲಿ ಕೊಡೆಗಳ ರಾಶಿ, ಒಳಗೆಲ್ಲ ಒದ್ದೆ ಬಟ್ಟೆಯ ವಾಸನೆ. ಗೋವಿಂದ ಮಾಸ್ತರು ಮಾದೇವಣ್ಣನ ಗುಣಗಾನ ಮಾಡಿದರು. ಅವರ ಹದಿನಾಲ್ಕು ಪುಟದ ಮುನ್ನುಡಿಯಿಂದ ನಾಲ್ಕು ಸಾಲು ಓದಿದರು. ಕೆಲವರು ಕಣ್ಣೊರೆಸಿಕೊಂಡರು. ಆಗ ಗಂಗಕ್ಕ ಎದ್ದು, ದೀಕ್ಷಿತಾರ ಕೈಯಿಂದ ಒಂಬತ್ತನೆಯ ಕಟ್ಟನ್ನು ತೆಗೆದುಕೊಂಡು ಮಾಸ್ತರರ ಮುಂದಿಟ್ಟರು.

"ಮಾದೇವ ಇದನ್ನ ಇವತ್ತು ಓದಬೇಕಾಗಿತ್ತು. ಅವನ ಬದಲು ನೀವು ಓದಿ ಗೋವಿಂದಣ್ಣ. ಮೊದಲ ಪುಟ ಸಾಕು."

ಮಾಸ್ತರು ಕನ್ನಡಕ ಹಾಕಿಕೊಂಡು, ಪಾಠ ಮಾಡಿ ಪಳಗಿದ ದನಿಯಲ್ಲಿ ಓದಿದರು. "'ದ್ವೀಪದಲ್ಲಿ ನಾನು ಕಂಡ ಮೊದಲ ಜುಲೈ. ನಾಲ್ಕು ದಿನದಿಂದ ಬಿಡದೆ ಮಳೆ. ತೊಟ್ಟಿ ತುಂಬಿ ಅಂಗಳಕ್ಕೆ ಹರಿಯುತ್ತಿದೆ. ಬಂಡೆಗಳ ಮೇಲೆಲ್ಲ ಹಸಿರು ಹಾವಸೆ. ಕಿಟಕಿ ಮುಚ್ಚಿ ಊರನ್ನು ನೆನೆಯುತ್ತ ಕೂತಿದ್ದೇನೆ...'"

ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಜುಲೈ ಎಂದ ಮೇಲೆ ಮಳೆ ಬಾರದೆ ಬಿಸಿಲು ಬರುತ್ತದೆಯೇ? ನಲವತ್ತು ತಲೆಗಳೂ ಹೌದೆಂದು ಆಡಿದವು. ಹುಸ್ನಾ ಒಬ್ಬಳೇ ಕುರ್ಚಿಯಿಂದ ಅರ್ಧ ಎದ್ದು, "ಇದು ಚಾಚಾ ಬರೆದದ್ದಲ್ಲ!" ಎಂದು ಕೂಗಿದಳು.

"ಯಾಕೆ ಅಲ್ಲ?" ಎಂದು ಕೇಳಿದರು ಗಂಗಕ್ಕ.

"ಅಲ್ಲಿ ಜುಲೈಲಿ ಒಂದು ಹನೀನೂ ಬೀಳೂದಿಲ್ಲ ದೊಡ್ಡಮ್ಮ. ಮಳೆ ಏನಿದ್ರೂ ಚಳಿಗಾಲಕ್ಕೆ. ಸೆಪ್ಟೆಂಬರಲ್ಲಿ ತಾರಸಿಗೆ ಸುಣ್ಣ ಹೊಡೆದು ಮೊದಲ ಮಳೆಗೆ ಕಾಯ್ತಿದ್ರು. ಜುಲೈಲಿ ಹುಲ್ಲೆಲ್ಲ ಸುಟ್ಟು ಹೋಗಿರ್ತದೆ, ತೊಟ್ಟಿಗೆ ಬೀಗ ಇರ್ತದೆ. ಎರಡನೇ ಕಟ್ಟಲ್ಲಿ ಚಾಚಾ ಇಪ್ಪತ್ತು ಪುಟ ಬರೆದಿದಾರೆ."

ಗಂಗಕ್ಕ ಸಭೆಯ ಕಡೆ ತಿರುಗಿದರು. "ಮೂವತ್ತೆರಡು ವರ್ಷ ಎರಡು ಕೊಡ ನೀರಲ್ಲಿ ಜುಲೈ ಕಳೆದ ಮನುಷ್ಯ ಹೀಗೆ ಬರೆಯೂದಿಲ್ಲ. ಎಂಟೂ ಕಟ್ಟು ಟೈಪ್ ಮಾಡಿದ ಹುಸ್ನಾನೂ ಬರೆಯೂದಿಲ್ಲ. ಇದು ಕಳ್ಳ ಕಟ್ಟು. ರಟ್ಟು ಮಾದೇವಂದು, ಒಳಗಿನ ಹಾಳೆ ಬೇರೆಯವರದ್ದು. ನಮ್ಮ ಮಳೆ ನೋಡಿ ಲೋಕಕ್ಕೆಲ್ಲ ಇದೇ ಮಳೆ ಅಂದ್ಕಂಡೋರು ಬರೆದದ್ದು. ಅಂದ್ರೆ ಉಳಿದ ಎಂಟು ಕಟ್ಟನ್ನ ಓದದೇ ಇದ್ದೋರು."

ಎಲ್ಲರೂ ಸಂದೇಶನ ಕಡೆ ತಿರುಗಿದರು. ಅವನು ಬೆವೆತು ಹೋದ. "ನಾ ಓದಿಲ್ಲ, ಹೌದು. ಹಾಗಂತ..."

"ನೀನಲ್ಲ, ಕೂತ್ಕ," ಎಂದರು ಗಂಗಕ್ಕ. "ಡಬ್ಬೀಲಿದ್ದ ಕಣಗಿಲೆ ಎಲೆಗೆ ಹೊಗೆ ವಾಸನೆ ಇತ್ತು. ಈ ಮಳೇಲಿ ಎಲೆ ಬಿಸಿಲಿಗೆ ಒಣಗೂದಿಲ್ಲ, ಬೂಸು ಹಿಡೀತದೆ. ಒಲೆ ಮೇಲೆ ಕಟ್ಟಿ ಒಣಗಿಸಬೇಕು. ಹುಸ್ನಾ ಮನೇಲಿ ಗ್ಯಾಸು. ನೀ ಇರೂದು ಅಂಗಡಿ ಮೇಲಿನ ಕೋಣೇಲಿ, ಊಟ ಹೋಟೆಲಲ್ಲಿ. ಮತ್ತೆ ಮಾದೇವನ ಅಕ್ಷರ ಇಷ್ಟು ಚೆಂದ ನಕಲು ಮಾಡಬೇಕಾದ್ರೆ ಅವನ ಪತ್ರಗಳು ಹತ್ರ ಇರಬೇಕು. ಅವನು ಮೂವತ್ತು ವರ್ಷ ಪತ್ರ ಬರೆದದ್ದು ಈ ಊರಲ್ಲಿ ಒಬ್ಬರಿಗೇ. ಹುಸ್ನಾ ಬಿಟ್ರೆ ಬುಧವಾರ ಬಂದು, ಶುಕ್ರವಾರ ಮತ್ತೆ ಬಂದೋರೂ ಒಬ್ಬರೇ. ಎಲೆ ಒಣಗೂಕೆ ಬಚ್ಚಲ ಒಲೆ ಮೇಲೆ ಎರಡು ದಿನ ಸಾಕು."

ನಿನ್ನೆ ಸಂಜೆ ನಾನು ಕೂತು ಅತ್ತ ಬಚ್ಚಲ ಕಟ್ಟೆ ಕಣ್ಣ ಮುಂದೆ ಬಂತು. ಅಲ್ಲ, ಗಂಗಕ್ಕನಿಗೆ ವಯಸ್ಸಾಗಿ ತಲೆ ಕೆಟ್ಟಿದೆ ಎಂದುಕೊಂಡೆ. ಹಾಗೆಯೇ ಆಗಿರಲಿ ಎಂದು ಬೇಡಿಕೊಂಡೆ.

ಗೋವಿಂದ ಮಾಸ್ತರು ನಗಲು ನೋಡಿದರು. "ಗಂಗಾ, ನಿಂಗೆ ಎಂತಾತು? ಹದಿನಾಲ್ಕು ಪುಟ ಮುನ್ನುಡಿ ಬರದ್ದೆ ಆನು."

"ಓದದೇ ಬರದ್ದೆ, ಗೋವಿಂದಣ್ಣ. ಹದಿನಾಲ್ಕು ಪುಟದಲ್ಲಿ ಆ ದ್ವೀಪದ ಒಂದು ಗಿಡದ ಹೆಸರಿಲ್ಲೆ, ಒಂದು ಹಕ್ಕಿ ಇಲ್ಲೆ. ಯಾರ ಪುಸ್ತಕಕ್ಕೆ ಹಚ್ಚಿದ್ರೂ ಹೊಂದ್ತು." ನಮ್ಮ ಕಡೆ ಮುನ್ನುಡಿಗಳು ಹಾಗೆಯೇ ಇರುವುದು. ಬೇರೆ ದಿನವಾಗಿದ್ದರೆ ಸಭೆ ನಗುತ್ತಿತ್ತು.

"ಕಾರಣ ಏನು ಮೇಡಂ?" ಎಂದು ದೀಕ್ಷಿತಾ ಕೇಳಿದರು. "ಒಂದು ದ್ವೀಪದ ಪುಸ್ತಕಕ್ಕಾಗಿ ಯಾರಾದ್ರೂ ಕೊಲೆ ಮಾಡ್ತಾರಾ?"

ಗಂಗಕ್ಕ ಲ್ಯಾಪ್‌ಟಾಪ್ ತೆರೆದು ಮೊದಲ ಫೋಟೋ ತೋರಿಸಿದರು. ಮುಳ್ಳುಪೊದೆಗಳ ನಡುವೆ ಒಂದು ಕಲ್ಲು, ಅದರ ಮೇಲೆ ಮಾದೇವಣ್ಣ ಉಳಿಯಲ್ಲಿ ಕೆತ್ತಿದ ಕನ್ನಡ ಅಕ್ಷರ: ಅಜರ್, ಶಿರಸಿ. ನನ್ನ ಬಾಯಿಂದ ಏನೋ ಶಬ್ದ ಬಂತು. ಕೊಟ್ಟ ಮಾತಿಗೆ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ದ್ವೀಪದ ಒಡತಿ ದಿನಚರಿ ಬರೀತಿದ್ದಳು, ಈಗಿನ ಕಾವಲುಗಾರರು ಅದನ್ನೇ ಓದಿ ನಂಗೆ ಉತ್ತರ ಬರೆದದ್ದು. ಅವಳು ಹೋದ ಮೇಲೆ ಮಾದೇವ ಅದನ್ನ ಓದಿದ. ನಮ್ಮೂರಿನ ಈ ಮೂರು ಜನ ಹಡಗಿಂದ ಸಣ್ಣ ದೋಣೀಲಿ ದ್ವೀಪಕ್ಕೆ ಸಾಮಾನು ಕೊಡೂಕೆ ಹೊರಟಿದ್ರು. ಜನವರಿಯ ಗಾಳಿಮಳೆ. ಬೇಡ ಅಂದ್ರೂ ಹೊರಡಿಸಿದ್ದು ಸ್ಟೋರ್ ಕೀಪರ್. ದೋಣಿ ಮಗುಚಿತು. ಮಾದೇವ ಆಚೆ ಊರಿನ ದಡಕ್ಕೆ ಬಿದ್ದ. ಎಚ್ಚರ ಆದದ್ದು ಆಸ್ಪತ್ರೇಲಿ. ಈ ಕಡೆ ಗೋವಿಂದಣ್ಣ ಒಡತಿಯ ಮನೆ ಮುಟ್ಟಿ, ಉಳಿದೋರು ಯಾರೂ ಬದುಕಿಲ್ಲ ಅಂತ ಹೇಳಿ, ಬಟ್ಟೆ ಒಣಗಿಸ್ಕಂಡು, ಮಾರನೇ ದಿನ ಹಡಗು ಹತ್ತಿದ."

ಎರಡನೆಯ ಫೋಟೋ ದಿನಚರಿಯ ಪುಟ. ಅರ್ಥವಾಗದ ಭಾಷೆಯ ಸಾಲುಗಳ ನಡುವೆ ಒಂದು ಚಿತ್ರ.

"ಮೂರನೇ ದಿನ ಒಡತಿಗೆ ಬಂಡೆ ಸಂದೀಲಿ ಅಜರ್ ಸಿಕ್ಕಿದ. ಆಗಷ್ಟೇ ಜೀವ ಹೋಗಿತ್ತು. ಎರಡು ದಿನ ಬದುಕಿದ್ದ. ಕಾಲು ಮುರಿದಿತ್ತು, ಆ ಕಾಲಿಗೆ ಯಾರೋ ಬೆಲ್ಟು ಬಿಗಿದು ಕಟ್ಟಿದ್ರು. ಬೆಲ್ಟಿನ ಹಿತ್ತಾಳೆ ಕೊಂಡಿ ಮೇಲೆ ಗೀಚಿದ್ದು ಆಕೆಗೆ ಓದೂಕೆ ಬರಲಿಲ್ಲ. ಅದಕ್ಕೇ ಚಿತ್ರ ಬಿಡಿಸಿಟ್ಟಳು. ನಮಗೆ ಓದೂಕೆ ಬರ್ತದೆ."

ವಕ್ರವಾಗಿ, ಎಳೆಯ ಮಗು ತಿದ್ದಿದ ಹಾಗೆ, ಅಲ್ಲಿ ಎರಡು ಕನ್ನಡ ಅಕ್ಷರಗಳಿದ್ದವು: ಗೋ. ಹೆ.

"ಕಾಲಿಗೆ ಬೆಲ್ಟು ಕಟ್ಟಿದೋನಿಗೆ ಅಜರ್ ಬದುಕಿದಾನೆ ಅಂತ ಗೊತ್ತಿತ್ತು," ಎಂದರು ಗಂಗಕ್ಕ. "ಸಹಾಯ ತರ್ತೆ ಅಂತ ಹೇಳೇ ಹೋಗಿರಬೇಕು. ಅಜರ್ ಬದುಕಿದ್ರೆ ದೋಣಿ ಹೊರಡಿಸಿದ್ದು ಯಾರು ಅಂತ ಹೇಳ್ತಿದ್ದ. ಮಾದೇವ ಊರಿಗೆ ಬಂದು ಕುಡಿತದ ಸುಳ್ಳು ಕೇಳಿದ. ಆದ್ರೂ ಕಾದ. ಮುನ್ನುಡಿ ಬರೆಯೂಕೆ ಕೊಟ್ಟದ್ದು ಸುಮ್ನೆ ಅಲ್ಲ. ನಾಲ್ಕನೇ ಕಟ್ಟಿನಲ್ಲಿ ದ್ವೀಪದ ಗೋರಿಗಳ ಲೆಕ್ಕ ಇದೆ, ಕೊನೇದು ನಮ್ಮೂರಿನೋನದ್ದು ಅಂತ ಹೆಸರಿಲ್ಲದ ಒಂದೇ ಸಾಲು ಬರೆದಿದಾನೆ. ಓದಿದ್ರೆ ಗೋವಿಂದಣ್ಣ ತಾನೇ ಬಂದು ಒಪ್ಪಿಕೊಳ್ತಾನೆ ಅಂತ ಆಸೆ ಇತ್ತು. ಬರಲಿಲ್ಲ. ಬುಧವಾರ ಕರೆಸಿ ಒಂಬತ್ತನೇ ಕಟ್ಟನ್ನೇ ಕೈಲಿ ಕೊಟ್ಟ. ಅದೇ ಅವನು ಮಾಡಿದ ತಪ್ಪು. ಶುಕ್ರವಾರ ಒಳಗಿನ ಹಾಳೆ ಬದಲಾಗಿ ಕಟ್ಟು ಕಪಾಟಿಗೆ ತಿರುಗಿ ಬಂತು, ಜೊತೆಗೆ ಡಬ್ಬಿಗೆ ಕಣಗಿಲೆ ಎಲೆಯೂ ಬಂತು."

ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆನು ಹೆದರಿದ್ದೆ ಗಂಗಾ," ಎಂದರು. "ಆವಾಗ್ಲೂ ಹೆದರಿದ್ದೆ, ಈಗ್ಲೂ ಹೆದರಿದ್ದೆ. ಅಷ್ಟೇಯ." ಆಮೇಲೆ ನನ್ನ ಕಡೆ ನೋಡಿ, "ಖಾಜಾ, ಹುಸ್ನಾನ್ನ ಓದಿಸಿದ್ದು ಮಾತ್ರ ಮನಸಾರೆ," ಎಂದರು.

"ಅವಳನ್ನೇ ಜೈಲಿಗೆ ಕಳಿಸ್ತಿದ್ರಲ್ಲ ಮಾಸ್ತರೇ," ಎಂದೆ. ಅವರು ತಲೆ ತಗ್ಗಿಸಿದರು. ದೀಕ್ಷಿತಾ ಅವರನ್ನು ಕರೆದುಕೊಂಡು ಹೊರಟರು. ಬಾಗಿಲಲ್ಲಿ ಅವರು ಅಭ್ಯಾಸಬಲದಿಂದ ತಮ್ಮ ಕೊಡೆ ಹುಡುಕಿದರು.

ಮನೆಗೆ ಬಂದಾಗ ನನ್ನ ಅಕ್ಕ ಸಕೀನಾ ಆಪಾ ಬಾಗಿಲಲ್ಲೇ ನಿಂತಿದ್ದಳು. ಹುಸ್ನಾಳನ್ನು ತಬ್ಬಿಕೊಂಡು ಬಿಡಲಿಲ್ಲ. ಆಪಾಗೆ ಈಗ ಅರವತ್ತರ ಮೇಲೆ. ಅಜರನನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳು. ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ.

"ಹಾಗಾದ್ರೆ ಕುಡಿದಿರ್ಲಿಲ್ಲ?" ಎಂದು ಅವಳು ಮೂರು ಸಲ ಕೇಳಿದಳು.

"ಇಲ್ಲ ಆಪಾ. ಕೆಲಸಕ್ಕೆ ಹೋಗಿದ್ದ. ಕುಡಿದಿರ್ಲಿಲ್ಲ."

ಅವಳು ಬಹಳ ಹೊತ್ತು ದುಪಟ್ಟಾದಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ ತಲೆಯೆತ್ತಿ ಕೇಳಿದಳು. "ಬಿದ್ದ ಕೂಡ್ಲೆ ಹೋದ್ನಾ? ಒಬ್ಬನೇ ನರಳಲಿಲ್ವಲ್ಲ?"

ಹುಸ್ನಾ ನನ್ನ ಮುಖ ನೋಡಿದಳು. ಎರಡು ದಿನ, ಮುರಿದ ಕಾಲು, ತಣ್ಣನೆಯ ಬಂಡೆ, ಬರುತ್ತೇನೆಂದು ಹೋದವನ ದಾರಿ ಕಾಯುವುದು. ಗೋವಿಂದ ಮಾಸ್ತರರ ಸುಳ್ಳಿಗೆ ಅರ್ಧ ಗಂಟೆಯ ಹಿಂದೆ ಶಾಪ ಹಾಕಿದವನು ನಾನು.

"ಕೂಡ್ಲೆ ಆಪಾ," ಎಂದೆ. "ಗೊತ್ತೇ ಆಗ್ಲಿಲ್ಲ ಅವನಿಗೆ."

ಆಪಾ ಕಣ್ಣೊರೆಸಿಕೊಂಡು ಎದ್ದು ದುಪಟ್ಟಾ ಸರಿಮಾಡಿಕೊಂಡಳು. "ಗಾಡಿ ತೆಗಿ ಖಾಜಾ," ಎಂದಳು. "ಅಮ್ಮಿ ಗೋರಿ ಹತ್ರ ಹೋಗಿ ಹೇಳಿ ಬರೋಣ."